ಕೆಲಸ ಬಿಟ್ಟು ಹೋಗುವವರ ಜೊತೆ ನಮ್ಮ ಕಸುಬೂ ಹೋಗುತ್ತದಾ? ಬೆಂಗಳೂರಿನ ಡಿಸೈನ್ ಸ್ಟುಡಿಯೊದವರು ದಯವಿಟ್ಟು ಹೇಳಿ

ಬಸವನಗುಡಿ ಸ್ಟುಡಿಯೊ

ಎಲ್ಲರಿಗೂ ನಮಸ್ಕಾರ. ನಮ್ಮದು ಆರು ಜನರ ಚಿಕ್ಕ ಗ್ರಾಫಿಕ್ ಡಿಸೈನ್ ಸ್ಟುಡಿಯೊ. ಪ್ಯಾಕೇಜಿಂಗ್, ಪುಸ್ತಕದ ಮುಖಪುಟ, ಅಂಗಡಿ ಬೋರ್ಡು, ಲೋಗೊ ಇಂಥ ಕೆಲಸ ಮಾಡುತ್ತೇವೆ. ಶುರುವಾಗಿ ಒಂಬತ್ತು ವರ್ಷ ಆಯಿತು.

ನಾಲ್ಕು ವರ್ಷದಿಂದ ನಮ್ಮ ಜೊತೆ ಇದ್ದ ಹುಡುಗಿಯೊಬ್ಬಳು ಮುಂದಿನ ತಿಂಗಳು ಕೆಲಸ ಬಿಡುತ್ತಿದ್ದಾಳೆ. ಹೋಗುತ್ತಿರುವುದು ಎರಡು ರಸ್ತೆ ಆಚೆ ಇರುವ ಇನ್ನೊಂದು ಸ್ಟುಡಿಯೊಗೆ. ಅವರದ್ದೂ ನಮ್ಮ ಥರದ್ದೇ ಕೆಲಸ. ಹೋದ ವರ್ಷ ಒಂದು ಮಸಾಲೆ ಪುಡಿ ಕಂಪನಿಗೆ ನಾವೂ ಅವರೂ ಇಬ್ಬರೂ ಡಿಸೈನ್ ತೋರಿಸಿದ್ದೆವು. ಕೆಲಸ ಅವರಿಗೆ ಸಿಕ್ಕಿತು.

ಅವಳು ಬಂದಾಗ ಡೈಲೈನ್ (ಪ್ಯಾಕೆಟ್ಟನ್ನು ಎಲ್ಲಿ ಕತ್ತರಿಸಬೇಕು, ಎಲ್ಲಿ ಮಡಚಬೇಕು ಅನ್ನುವ ಗೆರೆಗಳ ನಕ್ಷೆ) ಅಂದರೆ ಏನು ಅಂತ ಗೊತ್ತಿರಲಿಲ್ಲ. ಈಗ ಪೌಚಿನ ಸೀಲ್ ಎಲ್ಲಿ ಬರುತ್ತದೆ, ಅದರಿಂದ ಅಕ್ಷರ ಎಷ್ಟು ದೂರ ಇಡಬೇಕು, ಕನ್ನಡದ ಹೆಸರು ಚಿಕ್ಕದಾದಾಗ ಒತ್ತಕ್ಷರ ಹೇಗೆ ಉಳಿಸಿಕೊಳ್ಳಬೇಕು, ಎಲ್ಲ ಅವಳಿಗೆ ಕರಗತ. ಇದ್ಯಾವುದನ್ನೂ ನಾವು ಬರೆದಿಟ್ಟಿಲ್ಲ. ಪಕ್ಕದಲ್ಲಿ ಕೂತು ಕಲಿತದ್ದು.

ಒಂದು ಪತ್ರಕ್ಕೆ ಸಹಿ ಹಾಕಿಸಿಕೊಳ್ಳೋಣ ಅಂತ ನನ್ನ ಪಾಲುದಾರರು ಹೇಳುತ್ತಿದ್ದಾರೆ. ಎರಡು ವರ್ಷ ಬೆಂಗಳೂರಿನ ಬೇರೆ ಯಾವ ಡಿಸೈನ್ ಸ್ಟುಡಿಯೊಗೂ ಸೇರುವುದಿಲ್ಲ ಅಂತ. ನನ್ನ ಮನಸ್ಸು ಒಪ್ಪುತ್ತಿಲ್ಲ. ಆದರೆ ಅವರ ಆತಂಕ ಸುಳ್ಳು ಅಂತಲೂ ಹೇಳಲಾರೆ. ನಾಲ್ಕು ವರ್ಷದ ಶ್ರಮ ಎರಡು ರಸ್ತೆ ದಾಟಿ ಹೋಗುತ್ತಿದೆ, ಅಲ್ವಾ?

ನನಗೆ ನಿಮ್ಮ ಅನುಭವ ಬೇಕು. ನೀವು ಕಸುಬು ಕಲಿತದ್ದು ಯಾರಿಂದ? ನಿಮ್ಮಿಂದ ಕಲಿತವರು ಎಲ್ಲಿಗೆ ಹೋದರು? ಆಮೇಲೆ ಏನಾಯಿತು?

ಕಾನೂನು ಓದಿದವಳು

ಮೊದಲು ಕಾನೂನಿನ ಮಾತು ಹೇಳಿಬಿಡುತ್ತೇನೆ. 1872ರ ಭಾರತೀಯ ಕರಾರು ಕಾಯ್ದೆಯ 27ನೇ ಸೆಕ್ಷನ್ ನೋಡಿ. ಯಾರನ್ನೇ ಆಗಲಿ ಕಾನೂನುಬದ್ಧವಾದ ಕಸುಬು, ವ್ಯಾಪಾರ ಮಾಡದಂತೆ ತಡೆಯುವ ಕರಾರು ಅಷ್ಟರ ಮಟ್ಟಿಗೆ ಅಸಿಂಧು. ಕೆಲಸದಲ್ಲಿ ಇರುವಷ್ಟು ದಿನ ಬೇರೆ ಕಡೆ ದುಡಿಯಬೇಡ ಅನ್ನಬಹುದು. ಬಿಟ್ಟ ಮೇಲೆ ಎರಡು ವರ್ಷ ಎಲ್ಲೂ ಸೇರಬೇಡ ಅಂದರೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ನಿಮ್ಮ ಪಾಲುದಾರರು ಬರೆಸುವ ಕಾಗದ ಆ ಹುಡುಗಿಯನ್ನು ಹೆದರಿಸುವುದಕ್ಕೆ ಮಾತ್ರ ಆಗುತ್ತದೆ.

ಇನ್ನೊಂದು ವಿಷಯ. ಅದೇ 1872ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯವೂ ಇಂಥದ್ದೇ ಕಾನೂನು ಮಾಡಿತು. ಸಿಲಿಕಾನ್ ವ್ಯಾಲಿಯ ಎಂಜಿನಿಯರುಗಳು ಒಂದು ಕಂಪನಿ ಬಿಟ್ಟು ಪಕ್ಕದ ಕಂಪನಿಗೆ ಆರಾಮವಾಗಿ ಹೋಗಿ ಸೇರುವುದಕ್ಕೆ ಇದೂ ಒಂದು ಕಾರಣ ಅಂತ ಆ ಊರಿನ ಬೆಳವಣಿಗೆ ಓದಿದವರು ಹೇಳುತ್ತಾರೆ. ನಮ್ಮಲ್ಲೂ ಆ ಬಾಗಿಲು ತೆರೆದೇ ಇದೆ. ನಾವೇ ಅದಕ್ಕೆ ಕಾಗದದ ಬೀಗ ಹಾಕಲು ನೋಡುತ್ತೇವೆ.

ಮಲ್ಲೇಶ್ವರದಿಂದ

ಮೇಡಂ, ನಿಮ್ಮ ಪಾಲುದಾರರ ಕಡೆ ನಾನಿದ್ದೇನೆ. ಸ್ವಲ್ಪ ಕೇಳಿ.

ಮೂರು ವರ್ಷದ ಹಿಂದೆ ನಮ್ಮ ಸ್ಟುಡಿಯೊ ಬಿಟ್ಟು ಹೋದವರೊಬ್ಬರು ನಮ್ಮ ದರಪಟ್ಟಿಯನ್ನೂ ಗ್ರಾಹಕರ ಫೋನ್ ನಂಬರುಗಳನ್ನೂ ತೆಗೆದುಕೊಂಡು ಹೋದರು. ಯಾವ ಗ್ರಾಹಕರಿಗೆ ಎಷ್ಟು ಹೇಳಿದ್ದೇವೆ, ಯಾರು ಎಷ್ಟು ಚೌಕಾಸಿ ಮಾಡುತ್ತಾರೆ, ಎಲ್ಲ ಅದರಲ್ಲಿತ್ತು. ಆರು ತಿಂಗಳಲ್ಲಿ ಎರಡು ದೊಡ್ಡ ಗ್ರಾಹಕರು ಹೋದರು. ನಾನು ಇಬ್ಬರನ್ನು ಕೆಲಸದಿಂದ ತೆಗೆಯಬೇಕಾಯಿತು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಇದಕ್ಕಿಂತ ಜಾಸ್ತಿ ನೋವು ಕೊಟ್ಟದ್ದು ಇನ್ನೊಂದು. ಒಂದು ಕಂಪನಿ ಐದು ಸ್ಟುಡಿಯೊಗಳನ್ನು ಕರೆದು ಪುಕ್ಕಟೆಯಾಗಿ ಪ್ರೆಸೆಂಟೇಶನ್ ಮಾಡಿಸಿತು. ನಾವು ಮೂರು ವಾರ ಕೂತು ಮಾಡಿದ್ದೆವು. ಕೆಲಸ ಬೇರೆಯವರಿಗೆ ಹೋಯಿತು. ವರ್ಷ ಕಳೆದ ಮೇಲೆ ಅಂಗಡಿಯಲ್ಲಿ ಆ ಡಬ್ಬಿ ನೋಡಿದೆ. ಮುಚ್ಚಳ ತೆರೆಯುವ ರೀತಿ ನಮ್ಮದು. ಬಣ್ಣ ಮಾತ್ರ ಬೇರೆ.

ಜ್ಞಾನ ಹರಿಯಲಿ, ಹಂಚಿಕೊಳ್ಳೋಣ ಅಂತ ಎಲ್ಲರೂ ಹೇಳುತ್ತಾರೆ. ಹರಿದು ಯಾರ ಗದ್ದೆಗೆ ಹೋಗುತ್ತದೆ ಅಂತಲೂ ನೋಡಬೇಕಲ್ಲವೇ? ಚಿಕ್ಕವರಿಂದ ದೊಡ್ಡವರ ಕಡೆಗೆ ಮಾತ್ರ ಹರಿದರೆ ಅದಕ್ಕೆ ಹಂಚಿಕೆ ಅನ್ನುವ ಹೆಸರು ಬೇಡ.

ಹಳೆ ಪ್ರೆಸ್

ನಾನು ಡಿಸೈನರ್ ಅಲ್ಲ. ಸುಲ್ತಾನ್‌ಪೇಟೆಯಲ್ಲಿ ನಮ್ಮ ತಂದೆ ಕಾಲದಿಂದ ಪ್ರೆಸ್ ಇದೆ. ನಿಮ್ಮಂಥ ಸ್ಟುಡಿಯೊದವರು ಫೈಲ್ ತಂದುಕೊಡುವುದು ನಮ್ಮ ಹತ್ತಿರ. ಹಾಗಾಗಿ ಎಲ್ಲರ ಫೈಲನ್ನೂ ನೋಡಿದವನು ನಾನು. ಒಂದೆರಡು ಮಾತು ಹೇಳಬಹುದೇನೋ.

ಬೆಂಗಳೂರು ಪೇಟೆ ಹುಟ್ಟಿದ್ದೇ ಹೀಗೆ. ಅಕ್ಕಿಪೇಟೆ, ಬಳೇಪೇಟೆ, ಕುಂಬಾರಪೇಟೆ, ಅರಳೆಪೇಟೆ. ಒಂದು ಕಸುಬಿನವರು ಒಂದೇ ಬೀದಿಯಲ್ಲಿ ಇರುತ್ತಿದ್ದರು. ಪಕ್ಕದ ಅಂಗಡಿಯವನು ಪೈಪೋಟಿಗೆ ಇದ್ದವನೂ ಹೌದು, ನಮ್ಮ ಬ್ಲೇಡ್ ಮುರಿದರೆ ತನ್ನದು ಕೊಡುವವನೂ ಹೌದು. ನಮ್ಮ ಬೀದಿಯಲ್ಲಿ ಇವತ್ತಿಗೂ ಹಾಗೇ ಇದೆ. ಲಗ್ನಪತ್ರಿಕೆ ಕಾಲ ಬಂದಾಗ ನನ್ನ ಹತ್ತಿರ ಕಾಗದ ಮುಗಿದರೆ ಎದುರು ಮನೆಯವರ ಹತ್ತಿರ ತರುತ್ತೇನೆ.

ಈಗ ನಿಮ್ಮ ವಿಷಯ. ಸುಮಾರು ಇಪ್ಪತ್ತು ವರ್ಷದ ಹಿಂದೆ ಒಂದು ಸ್ಟುಡಿಯೊದವರು ಕನ್ನಡ ಬ್ರೋಶರ್ ತಂದಿದ್ದರು. ಕಪ್ಪು ಅಕ್ಷರ, ಆದರೆ ಫೈಲಿನಲ್ಲಿ ನಾಲ್ಕೂ ಬಣ್ಣ ಸೇರಿಸಿ ಕಪ್ಪು ಮಾಡಿದ್ದರು. ದೊಡ್ಡ ಅಕ್ಷರಕ್ಕೆ ಅದು ಚೆನ್ನ. ಎಂಟು ಪಾಯಿಂಟಿನ ಕನ್ನಡಕ್ಕೆ ಆಗುವುದಿಲ್ಲ. ಬಣ್ಣಕ್ಕೊಂದರಂತೆ ಇರುವ ನಾಲ್ಕು ಪ್ಲೇಟಿನಲ್ಲಿ ಒಂದು ಕೂದಲೆಳೆ ಜರುಗಿದರೂ ಸಾಕು, ಒತ್ತಕ್ಷರದ ಒಳಗಿನ ಬಿಳಿ ಮುಚ್ಚಿಹೋಗುತ್ತದೆ. ಕ್ಷ ಯಾವುದು, ಕ್ಕ ಯಾವುದು ತಿಳಿಯುವುದಿಲ್ಲ. ಪೂರ್ತಿ ಲಾಟು ಕೆಟ್ಟಿತು. ಅವರೂ ಅತ್ತರು, ನಮಗೂ ನಷ್ಟ. ಅವತ್ತಿನಿಂದ ಚಿಕ್ಕ ಕನ್ನಡ ಅಕ್ಷರ ಬರೀ ಕಪ್ಪು ಪ್ಲೇಟಿನಲ್ಲಿ ಇರಲಿ ಅಂತ ಬರುವ ಪ್ರತಿಯೊಬ್ಬರಿಗೂ ಹೇಳುತ್ತೇನೆ. ಯಾರ ಸ್ಟುಡಿಯೊ, ಯಾರ ಪೈಪೋಟಿ ಅಂತ ಕೇಳುವುದಿಲ್ಲ.

ಕಾಗದದ ಗ್ರೇನ್, ಅಂದರೆ ಅದರ ನಾರು ಓಡುವ ದಿಕ್ಕಿನ ವಿಷಯವೂ ಹಾಗೆಯೇ. ದಪ್ಪ ಕಾಗದವನ್ನು ಗ್ರೇನಿಗೆ ಅಡ್ಡ ಮಡಚಿದರೆ ಮಡಿಕೆಯ ಮೇಲೆ ಬಣ್ಣ ಬಿರಿಯುತ್ತದೆ. ಕಾಲೇಜಿನಲ್ಲಿ ಹೇಳಿರುತ್ತಾರೆ. ಆದರೆ ಬಿರಿದ ಕಾರ್ಡನ್ನು ಕೈಯಲ್ಲಿ ಹಿಡಿಯುವತನಕ ಯಾರಿಗೂ ಅರ್ಥ ಆಗುವುದಿಲ್ಲ. ನಾನು ಮೇಜಿನ ಡ್ರಾಯರಿನಲ್ಲಿ ಅಂಥ ಕೆಟ್ಟುಹೋದ ಕಾರ್ಡುಗಳನ್ನು ಇಟ್ಟುಕೊಂಡಿದ್ದೇನೆ. ಹೊಸ ಮಕ್ಕಳು ಬಂದಾಗ ತೋರಿಸುತ್ತೇನೆ. ಯಾರ ಕೆಲಸ ಅಂತ ಹೆಸರು ಹೇಳುವುದಿಲ್ಲ, ಹೆಸರಿನ ಭಾಗ ಕತ್ತರಿಸಿ ಇಟ್ಟಿದ್ದೇನೆ.

ನಿಮ್ಮ ಆರು ಜನರ ಸ್ಟುಡಿಯೊದಲ್ಲಿ ಆ ಹುಡುಗಿ ಕಲಿತದ್ದರಲ್ಲಿ ಎಷ್ಟು ನಿಮ್ಮದು, ಎಷ್ಟು ನನ್ನ ಮೆಷೀನ್‌ಮನ್ ಹೇಳಿದ್ದು, ಎಷ್ಟು ಇನ್ನೊಂದು ಸ್ಟುಡಿಯೊದವರ ತಪ್ಪಿನಿಂದ ಬಂದದ್ದು? ಲೆಕ್ಕ ಹಾಕಿ ನೋಡಿ.

ಮಲ್ಲೇಶ್ವರದ ಸರ್, ದರಪಟ್ಟಿ ತೆಗೆದುಕೊಂಡು ಹೋದದ್ದು ಕಳ್ಳತನ. ಅದರಲ್ಲಿ ಎರಡು ಮಾತಿಲ್ಲ. ನಾನು ಒಬ್ಬರ ಫೈಲನ್ನು ಇನ್ನೊಬ್ಬರಿಗೆ ಯಾವತ್ತೂ ತೋರಿಸಿಲ್ಲ. ಪ್ರೂಫ್ ಶೀಟ್ ಕೂಡ ಮಗುಚಿ ಇಡುತ್ತೇವೆ. ಕಸುಬು ಬೇರೆ, ಗ್ರಾಹಕರ ಗುಟ್ಟು ಬೇರೆ.

ಪೀಣ್ಯ ಎರಡನೇ ಹಂತ

ಹಳೆ ಪ್ರೆಸ್ ಸರ್ ಹೇಳಿದ್ದು ನೂರಕ್ಕೆ ನೂರು ನಿಜ. ನಮ್ಮ ಪ್ರಾಡಕ್ಟ್ ಡಿಸೈನಿನಲ್ಲಿ ನಿಮ್ಮ ಜಾಗದಲ್ಲಿ ಇರುವವರು ಅಚ್ಚುಗಳನ್ನು ತಯಾರಿಸುವ ಟೂಲ್‌ರೂಮಿನವರು.

ನಾನು ಕಾಲೇಜು ಮುಗಿಸಿ ಬಂದ ಹೊಸದರಲ್ಲಿ ಒಂದು ಮಿಕ್ಸಿಯ ಪ್ಲಾಸ್ಟಿಕ್ ಬಾಡಿ ಮಾಡಿದ್ದೆ. ಒಳಗೆ ಗಟ್ಟಿ ಇರಲಿ ಅಂತ ದಪ್ಪ ರಿಬ್ (ಆಧಾರದ ಏಣು) ಹಾಕಿದ್ದೆ. ಪೀಣ್ಯದ ಮೌಲ್ಡ್ ಮಾಡುವವರು ಡ್ರಾಯಿಂಗ್ ನೋಡಿ, ಹೊರಗಡೆ ಕುಳಿ ಬೀಳುತ್ತದೆ ಸರ್, ರಿಬ್ ಗೋಡೆಯ ಅರ್ಧದಷ್ಟು ದಪ್ಪ ಇರಲಿ ಅಂದರು. ನಾನು ಕೇಳಲಿಲ್ಲ. ಮೊದಲ ಸ್ಯಾಂಪಲ್ ಬಂದಾಗ ಹೊಳೆಯುವ ಮೇಲ್ಮೈ ಮೇಲೆ ಸಾಲಾಗಿ ಕುಳಿ. ಅವರು ನನಗೆ ಬೈಯಲಿಲ್ಲ. ಇದೇ ತಪ್ಪು ಮಾಡಿದ್ದ ಇನ್ನೊಂದು ಡಿಸೈನಿನ ತುಂಡು ತಂದು ಪಕ್ಕದಲ್ಲಿ ಇಟ್ಟರು, ಅಷ್ಟೇ.

ಈ ಟೂಲ್‌ರೂಮಿನವರಿಗೆ ಅಷ್ಟು ಹೇಗೆ ಗೊತ್ತು? ತುಂಬ ಜನ ರಾಜಾಜಿನಗರದ ಜಿಟಿಟಿಸಿಯಲ್ಲಿ ಕಲಿತವರು. 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ಶುರುವಾದ ಸರ್ಕಾರಿ ಟೂಲ್‌ರೂಮ್ ಅದು. ಇಲ್ಲ ಅಂದರೆ ಪೀಣ್ಯದಲ್ಲೇ ಇರುವ ಎನ್‌ಟಿಟಿಎಫ್‌ನಲ್ಲಿ ಕಲಿತವರು. ಒಂದೇ ಪಾಠ, ಒಂದೇ ಮಾತು, ಆಮೇಲೆ ನೂರು ಶೆಡ್ಡುಗಳಲ್ಲಿ ಹರಡಿಕೊಂಡರು. ಎನ್‌ಐಡಿಯ (ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ) ಬೆಂಗಳೂರು ಕ್ಯಾಂಪಸ್ ಇರುವುದೂ ತುಮಕೂರು ರಸ್ತೆ ಹತ್ತಿರದ ಎಚ್‌ಎಂಟಿ ಲಿಂಕ್ ರಸ್ತೆಯಲ್ಲಿ. ಪೀಣ್ಯಕ್ಕೆ ಎಷ್ಟು ಹತ್ತಿರ ನೋಡಿ. ಅಲ್ಲಿನ ವಿದ್ಯಾರ್ಥಿಗಳು ಮಾದರಿ ಮಾಡಿಸಲು ಇದೇ ಶೆಡ್ಡುಗಳಿಗೆ ಬರುತ್ತಾರೆ.

ಎಚ್‌ಎಂಟಿ ಹೆಸರು ಬಂತಲ್ಲ, ಅದನ್ನೇ ಸ್ವಲ್ಪ ಹೇಳುತ್ತೇನೆ. ಮೇಡಂ ಕೇಳಿದ ಪ್ರಶ್ನೆಗೆ ನಮ್ಮ ಊರಿನಲ್ಲೇ ಇರುವ ದೊಡ್ಡ ಉತ್ತರ ಅದು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಜೊತೆ ಸೇರಿ ಎಚ್‌ಎಂಟಿ ಬೆಂಗಳೂರಿನಲ್ಲಿ ಕೈಗಡಿಯಾರ ಮಾಡಲು ಶುರು ಮಾಡಿತು. ಆ ಕೆಲಸ ಆಗ ನಮ್ಮವರಿಗೆ ಹೊಸದು. ಜಾಲಹಳ್ಳಿ ಕಡೆಯ ಎಷ್ಟೋ ಮನೆಗಳಲ್ಲಿ ಸಣ್ಣ ಚಿಮಟ ಹಿಡಿದು ಕೂರುವ ಕೈಗಳು ತಯಾರಾದವು. 1984ರಲ್ಲಿ ಟಾಟಾದವರು, ತಮಿಳುನಾಡು ಸರ್ಕಾರದ ಕೈಗಾರಿಕಾ ಅಭಿವೃದ್ಧಿ ನಿಗಮ ಟಿಡ್ಕೊ ಸೇರಿ ಟೈಟಾನ್ ಕಟ್ಟಿದರು. ಕಾರ್ಖಾನೆ ಇಲ್ಲೇ ಹೊಸೂರಿನಲ್ಲಿ. ಎಚ್‌ಎಂಟಿಯಲ್ಲಿ ಕೈ ಪಳಗಿದವರಲ್ಲಿ ಕೆಲವರು ಅಲ್ಲಿಗೆ ಹೋದರು. ಅಂದರೆ ಎಚ್‌ಎಂಟಿ ಕಲಿಸಿದ್ದು ಎಚ್‌ಎಂಟಿಯ ಎದುರಾಳಿಗೆ ಹೋಯಿತು.

ಮುಂದಕ್ಕೆ ಕೇಳಿ. ಟೈಟಾನ್ 2002ರಲ್ಲಿ ಎಡ್ಜ್ ಅನ್ನುವ ಗಡಿಯಾರ ತಂದಿತು. ಇಡೀ ಗಡಿಯಾರದ ದಪ್ಪ 3.5 ಮಿಲಿಮೀಟರ್. ಟೈಟಾನ್‌ನ ಡಿಸೈನ್ ತಂಡದ ಮುಖ್ಯಸ್ಥರಾಗಿದ್ದ ಮೈಕೆಲ್ ಫೋಲಿ ಆಮೇಲೆ ಅಲ್ಲಿಂದ ಹೊರಬಂದು ಬೆಂಗಳೂರಿನಲ್ಲೇ ತಮ್ಮ ಸ್ಟುಡಿಯೊ ತೆರೆದರು. 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದ ಕ್ವೀನ್ಸ್ ಬ್ಯಾಟನ್ (ರಿಲೇಯಲ್ಲಿ ಒಯ್ಯುವ ಕೋಲು) ಮಾಡಿದ್ದು ಅವರ ತಂಡ. ಇನ್ನು ಅವರ ಸ್ಟುಡಿಯೊದಲ್ಲಿ ಕಲಿತವರು ಬೇರೆ ಕಡೆ ಹೋಗಿರುತ್ತಾರೆ.

ಸಣ್ಣದನ್ನು ಅಚ್ಚುಕಟ್ಟಾಗಿ ಮಾಡುವ ಆ ಶಿಸ್ತು ಜಾಲಹಳ್ಳಿಯಿಂದ ಹೊಸೂರಿಗೆ, ಹೊಸೂರಿನಿಂದ ಮತ್ತೆ ಬೆಂಗಳೂರಿನ ಸ್ಟುಡಿಯೊಗಳಿಗೆ ಬಂತು. ಎಲ್ಲೋ ನಡುವೆ ಎರಡು ವರ್ಷದ ತಡೆ ಇದ್ದಿದ್ದರೆ ಏನಾಗುತ್ತಿತ್ತು ಅಂತ ನಾನು ಯೋಚಿಸುತ್ತಿರುತ್ತೇನೆ.

ಬಸವನಗುಡಿ ಸ್ಟುಡಿಯೊ

ಪೀಣ್ಯ ಸರ್, ಇದನ್ನು ನನ್ನ ಪಾಲುದಾರರಿಗೆ ಓದಿ ಹೇಳಿದೆ. ಅವರು ಒಂದು ಮಾತು ಕೇಳಿದರು. ಎಚ್‌ಎಂಟಿ, ಟೈಟಾನ್ ಆಗ ಸಾವಿರಾರು ಜನರ ಕಂಪನಿಗಳು, ಹತ್ತು ಜನ ಹೋದರೂ ತಡೆದುಕೊಳ್ಳುತ್ತಿದ್ದರು. ಆರು ಜನರಲ್ಲಿ ಒಬ್ಬರು ಹೋದರೆ ನಮಗೆ ಆರನೇ ಒಂದು ಭಾಗ ಹೋದಂತೆ. ಹಾಗಿದ್ದರೆ ನಮ್ಮಂಥ ಚಿಕ್ಕವರಿಗೆ ವಾಪಸ್ ಬರುವುದು ಏನು?

ಒತ್ತಕ್ಷರ

ಇದಕ್ಕೆ ನಾನು ಉತ್ತರ ಕೊಡುತ್ತೇನೆ ಮೇಡಂ. ಯಾಕೆಂದರೆ ವಾಪಸ್ ಬಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನಾನು ಆ್ಯಪ್‌ಗಳ ಡಿಸೈನ್ ಮಾಡುತ್ತೇನೆ. ಮೊದಲ ಕೆಲಸದಲ್ಲಿ ನಮ್ಮ ಆ್ಯಪ್ ಇಂಗ್ಲಿಷಿನಲ್ಲಿ ತಯಾರಾಗಿ ಕೊನೆಗೆ ಕನ್ನಡಕ್ಕೆ ಬಂತು. ಬಟನ್ ಮೇಲೆ "ಒಪ್ಪಿಗೆ" ಅಂತ ಇದ್ದದ್ದು "ಒಪಿಗೆ" ಥರ ಕಾಣುತ್ತಿತ್ತು. ಸಾಲಿನ ಎತ್ತರವನ್ನು ಇಂಗ್ಲಿಷ್ ಅಕ್ಷರಕ್ಕೆ ಅಳೆದಿದ್ದರು. ಕೆಳಗಿನ ಒತ್ತು ಕತ್ತರಿಸಿ ಹೋಗಿತ್ತು. ತಂಡದಲ್ಲಿ ಕನ್ನಡ ಓದುವವಳು ನಾನೊಬ್ಬಳೇ. ಬಗ್ ಅಂತ ಹೇಳಿದರೆ ಯಾರಿಗೂ ಕಾಣುತ್ತಲೇ ಇರಲಿಲ್ಲ.

ಆಗ ಒಂದು ಪತ್ರಿಕೆಯ ಪುಟವಿನ್ಯಾಸದಲ್ಲಿ ಇಪ್ಪತ್ತು ವರ್ಷ ದುಡಿದಿದ್ದ ಅಣ್ಣ ಒಬ್ಬರು ನಮ್ಮ ತಂಡಕ್ಕೆ ಬಂದರು. ಅವರು ಪೇಜ್‌ಮೇಕರ್ ಅನ್ನುವ ಹಳೆಯ ಪುಟವಿನ್ಯಾಸ ತಂತ್ರಾಂಶದ ಕಾಲದವರು. ನುಡಿ ತಂತ್ರಾಂಶದ ಹಳೆಯ ಅಕ್ಷರಗಳನ್ನು ಎಲ್ಲ ಕಡೆ ನಡೆಯುವ ಅಕ್ಷರಸಂಕೇತವಾದ ಯೂನಿಕೋಡ್‌ಗೆ ತರುವಾಗ ಯಾವ ಅಕ್ಷರ ಕೆಡುತ್ತದೆ ಅಂತ ಬೆರಳ ತುದಿಯಲ್ಲಿ ಹೇಳುತ್ತಿದ್ದರು. ನಮ್ಮ ಸಾಲಿನ ಎತ್ತರ ಸರಿ ಮಾಡಿದ್ದು ಅವರೇ. "ಕನ್ನಡದಲ್ಲಿ ಅತಿ ಆಳದ ಪದ ಯಾವುದು ಹುಡುಕು, ಅದಕ್ಕೆ ಅಳತೆ ಇಡು, ಮಿಕ್ಕದ್ದು ತಾನೇ ಕೂರುತ್ತದೆ" ಅಂದರು. ನಾವು "ರಾಷ್ಟ್ರ", "ಸ್ತ್ರೀ", "ಸ್ವಾತಂತ್ರ್ಯ" ಇಟ್ಟುಕೊಂಡು ಅಳೆದೆವು. ಒತ್ತಿನ ಪಕ್ಕ ಇನ್ನೊಂದು ಒತ್ತು.

ಇಂಥ ಚಿಕ್ಕ ಸಂಗತಿಗಳು ಎಷ್ಟಿವೆ ಗೊತ್ತಾ? ಪುಟ ಕಟ್ಟುವ ತಂತ್ರಾಂಶ ಇನ್‌ಡಿಸೈನ್‌ನಲ್ಲಿ ವರ್ಲ್ಡ್ ರೆಡಿ ಕಂಪೋಸರ್ ಅನ್ನುವ ಆಯ್ಕೆ ಆರಿಸದಿದ್ದರೆ ಒತ್ತುಗಳು ಬಿಡಿಬಿಡಿಯಾಗಿ ಪಕ್ಕಕ್ಕೆ ಬೀಳುತ್ತವೆ. "ರ‍್ಯಾಂಕ್" ಅಂತ ಟೈಪ್ ಮಾಡಲು ನಡುವೆ ಕಣ್ಣಿಗೆ ಕಾಣದ ಒಂದು ಜೋಡಣೆ ಚಿಹ್ನೆ ಹಾಕಬೇಕು. ಹಾಕದಿದ್ದರೆ ಅದು ಅರ್ಕಾವತ್ತಾಗಿ "ರ್ಯಾಂಕ್" ಆಗುತ್ತದೆ. ಇದನ್ನು ನನಗೆ ಯಾವ ಕಾಲೇಜೂ ಕಲಿಸಲಿಲ್ಲ.

ಮುಂದೆ ನಾನು ಆ ಕಂಪನಿ ಬಿಟ್ಟೆ. ಇನ್ನೊಂದಕ್ಕೆ ಹೋದೆ. ಅಲ್ಲಿ ಮೊದಲ ವಾರವೇ ಕನ್ನಡದ ಸಾಲಿನ ಎತ್ತರ ಸರಿ ಮಾಡಿಸಿದೆ. ನನ್ನ ಕೈ ಕೆಳಗೆ ಕಲಿತ ಇಬ್ಬರು ಮತ್ತೆರಡು ಕಡೆ ಹೋದರು. ಹೋದ ತಿಂಗಳು ನಮ್ಮ ಅಮ್ಮ ಯಾವುದೋ ಬಿಲ್ ಕಟ್ಟುವ ಆ್ಯಪ್ ಕನ್ನಡದಲ್ಲಿ ತೆರೆದು, ಅಕ್ಷರ ಎಷ್ಟು ಚೆನ್ನಾಗಿದೆ ನೋಡು ಅಂದರು. ಆ ಕಂಪನಿಗೂ ನನಗೂ ಸಂಬಂಧವೇ ಇಲ್ಲ. ಅಲ್ಲಿ ಕೆಲಸ ಮಾಡುವವರು ಆ ಅಣ್ಣನ ಶಿಷ್ಯೆಯ ಶಿಷ್ಯರು. ವಾಪಸ್ ಬಂದದ್ದು ನನಗೆ ಇದು ಮೇಡಂ.

ಮುಂಬೈಯ ಏಕ್ ಟೈಪ್ ಅನ್ನುವ ಅಕ್ಷರ ವಿನ್ಯಾಸಕರ ಗುಂಪಿನ ಕೆಲಸವನ್ನೂ ಇಲ್ಲಿ ನೆನೆಯಬೇಕು. ಬಾಲೂ ಅನ್ನುವ ಅಕ್ಷರ ಕುಟುಂಬವನ್ನು ಅವರು ಅನೇಕ ಭಾರತೀಯ ಲಿಪಿಗಳಿಗೆ ಮಾಡಿದರು. ಕನ್ನಡದ್ದರ ಹೆಸರು ಬಾಲೂ ತಮ್ಮ. ಮುಕ್ತ ಪರವಾನಗಿಯಲ್ಲಿ ಬಿಟ್ಟರು. ಯಾರು ಬೇಕಾದರೂ ಮೂಲ ಫೈಲ್ ತೆರೆದು ಒಂದೊಂದು ಒತ್ತನ್ನೂ ಎಲ್ಲಿ ಕೂರಿಸಿದ್ದಾರೆ ಅಂತ ನೋಡಬಹುದು. ನಾನು ಭಾನುವಾರ ಬೆಳಿಗ್ಗೆ ಕೂತು ಸುಮ್ನೆ ಅದನ್ನು ತೆರೆದು ನೋಡುತ್ತಿದ್ದೆ. ಅವರಲ್ಲಿ ಒಬ್ಬರನ್ನೂ ನಾನು ಭೇಟಿಯಾಗಿಲ್ಲ. ಆದರೆ ನನ್ನ ಗುರುಗಳು ಅಂತಲೇ ಹೇಳುತ್ತೇನೆ.

ಹುಬ್ಬಳ್ಳಿಯಿಂದ

ಓದುತ್ತಾ ಹೊಟ್ಟೆಕಿಚ್ಚು ಬಂತು, ನಿಜ ಹೇಳುತ್ತೇನೆ. ನಿಮಗೆ ಎರಡು ರಸ್ತೆ ಆಚೆ ಇನ್ನೊಂದು ಸ್ಟುಡಿಯೊ ಇದೆ ಅನ್ನುವುದೇ ಚಿಂತೆ. ನನಗೆ ಕೇಳಲು ಒಬ್ಬರೂ ಇಲ್ಲ ಅನ್ನುವುದು ಚಿಂತೆ.

ನಾನು ಬೆಂಗಳೂರಿನಲ್ಲಿ ಆರು ವರ್ಷ ಇದ್ದೆ. ಅಪ್ಪನಿಗೆ ಹುಷಾರಿಲ್ಲ ಅಂತ ಊರಿಗೆ ಬಂದೆ. ಇಲ್ಲಿ ಕೆಲಸ ಇದೆ. ಪೇಢಾ ಡಬ್ಬಿ, ಖಾರದ ಪುಡಿ ಪ್ಯಾಕೆಟ್, ಇಳಕಲ್ ಸೀರೆ ಅಂಗಡಿಯ ಬೋರ್ಡು. ಆದರೆ ಒಂದು ಹೊಸ ಥರದ ಫಾಯಿಲ್ ಬಂದಿದೆ ಅಂತ ನನಗೆ ತಿಳಿಯುವುದು ನಿಮಗೆ ತಿಳಿದು ಎಷ್ಟೋ ಕಾಲ ಆದ ಮೇಲೆ. ವಿಡಿಯೊ ನೋಡಿ ಕಲಿಯಬಹುದು ಅನ್ನುತ್ತಾರೆ. ಕಲಿತಿದ್ದೇನೆ ಕೂಡ. ಆದರೆ ನನಗೆ ಏನು ಗೊತ್ತಿಲ್ಲ ಅನ್ನುವುದೇ ಗೊತ್ತಿಲ್ಲದಿದ್ದಾಗ ಏನಂತ ಹುಡುಕಲಿ? ಪಕ್ಕದ ಮೇಜಿನವನು "ಇದನ್ನು ಹೀಗೇಕೆ ಮಾಡುತ್ತೀ?" ಅಂತ ಕೇಳಿದರೆ ಮಾತ್ರ ಅದು ಹೊರಗೆ ಬರುತ್ತದೆ.

ಈಗ ಇಲ್ಲಿನ ಮೂರು ಜನ ತಿಂಗಳಿಗೊಮ್ಮೆ ಧಾರವಾಡದಲ್ಲಿ ಒಂದು ಖಾನಾವಳಿಯಲ್ಲಿ ಸೇರುತ್ತೇವೆ. ಮೂವರೂ ಒಬ್ಬರಿಗೊಬ್ಬರು ಪೈಪೋಟಿ. ಆದರೂ ಆಗಿ ಕೆಟ್ಟ ಕೆಲಸ ಒಂದನ್ನು ಪ್ರತಿಯೊಬ್ಬರೂ ತರಬೇಕು ಅಂತ ಮಾಡಿಕೊಂಡಿದ್ದೇವೆ. ಚೆನ್ನಾದದ್ದು ತರುವ ಹಾಗಿಲ್ಲ. ಊಟ ಮುಗಿಯುವಷ್ಟರಲ್ಲಿ ಎಲ್ಲರೂ ಏನಾದರೂ ಕಲಿತಿರುತ್ತೇವೆ.

ಮಿಲಾನ್ ಕನ್ನಡಿಗ

ಹುಬ್ಬಳ್ಳಿ ಅಣ್ಣ, ನಿಮ್ಮ ಖಾನಾವಳಿ ನಿಯಮ ನನಗೆ ತುಂಬ ಹಿಡಿಸಿತು.

ನಾನು ಇಟಲಿಯ ಮಿಲಾನಿನಲ್ಲಿ ಫರ್ನಿಚರ್ ಡಿಸೈನ್ ಓದಿ ಇಲ್ಲೇ ಕೆಲಸ ಮಾಡುತ್ತಿದ್ದೇನೆ. ಹಳೆ ಪ್ರೆಸ್ ಸರ್ ಬರೆದದ್ದು ಓದಿದಾಗ ಇಲ್ಲಿನ ಒಬ್ಬರು ನೆನಪಾದರು. ಜೊವಾನ್ನಿ ಸಾಕ್ಕಿ ಅಂತ, 1913ರಲ್ಲಿ ಹುಟ್ಟಿದವರು. ಅವರು ಡಿಸೈನರ್ ಅಲ್ಲ, ಮರದಲ್ಲಿ ಮಾದರಿ ಮಾಡುವ ಕುಶಲಕರ್ಮಿ. ಮಾರ್ಕೊ ಝನೂಸೊ, ಎತ್ತೊರೆ ಸೊತ್ಸಾಸ್, ಅಕಿಲೆ ಕಾಸ್ತಿಲಿಯೊನಿ ಅಂತ ಇಟಲಿಯ ದೊಡ್ಡ ದೊಡ್ಡ ಡಿಸೈನರುಗಳು ತಮ್ಮ ಡ್ರಾಯಿಂಗ್ ಹಿಡಿದು ಹೋಗುತ್ತಿದ್ದದ್ದು ಅವರ ಕಾರ್ಯಾಗಾರಕ್ಕೆ. ಟೆಲಿಫೋನು, ಟೈಪ್‌ರೈಟರು, ಹೊಲಿಗೆ ಯಂತ್ರ, ಎಲ್ಲದರ ಮಾದರಿ ಅಲ್ಲಿ ಆಗುತ್ತಿತ್ತು. ಬೇರೆ ಬೇರೆ ಕಂಪನಿಗಳಿಗೆ ದುಡಿಯುವವರೆಲ್ಲ ಒಂದೇ ಬಾಗಿಲಿನಿಂದ ಒಳಗೆ ಬರುತ್ತಿದ್ದರು. 1998ರಲ್ಲಿ ಇಟಲಿಯ ಅತಿ ದೊಡ್ಡ ಡಿಸೈನ್ ಪ್ರಶಸ್ತಿ ಕಂಪಾಸೊ ದೋರೊ ಅವರಿಗೆ ಸಿಕ್ಕಿತು. ಡಿಸೈನ್ ಮಾಡಿದವರಿಗಲ್ಲ, ಎಲ್ಲರ ಡಿಸೈನನ್ನೂ ಕೈಯಲ್ಲಿ ಹಿಡಿದು ತಿದ್ದಿದವರಿಗೆ.

ಈಗಲೂ ಮಿಲಾನಿನ ಉತ್ತರಕ್ಕೆ ಬ್ರಿಯಾಂಝಾ ಅನ್ನುವ ಕಡೆ ಬಡಗಿಗಳ, ಕುಶನ್ ಹೊಲಿಯುವವರ ಕಾರ್ಯಾಗಾರಗಳು ಒತ್ತೊತ್ತಾಗಿವೆ. ಇಲ್ಲಿನ ಫರ್ನಿಚರ್ ಮೇಳ ಶುರುವಾದದ್ದು 1961ರಲ್ಲಿ. ಮೇಳಕ್ಕೆ ಜಗತ್ತೇ ಬರುತ್ತದೆ. ಆದರೆ ನಾನು ಮೇಳದಲ್ಲಿ ಕಲಿತದ್ದು ಕಡಿಮೆ. ಬ್ರಿಯಾಂಝಾದ ಒಬ್ಬ ಅಜ್ಜನ ಕಾರ್ಯಾಗಾರದಲ್ಲಿ ಒಂದು ಕುರ್ಚಿಯ ಕಾಲು ಮೂರು ಸಲ ಮುರಿದು ಕಲಿತದ್ದು ಜಾಸ್ತಿ. ಸುಲ್ತಾನ್‌ಪೇಟೆ, ಪೀಣ್ಯದಲ್ಲಿ ನಡೆಯುವುದೂ ಇದೇ ಅಲ್ವಾ? ಆದರೆ ನಮ್ಮಲ್ಲಿ ಆ ಮೆಷೀನ್‌ಮನ್ ಹೆಸರನ್ನು ಯಾರೂ ಪುಸ್ತಕದ ಕೊನೆಯ ಪುಟದಲ್ಲೂ ಹಾಕುವುದಿಲ್ಲ. ಇದು ನನಗೆ ನಿಜವಾಗಿ ಬೇಜಾರಿನ ವಿಷಯ.

ಹೊಸಬಳು

ನಾನು ಹೋಗುವ ಹುಡುಗಿಯ ಕಡೆಯಿಂದ ಹೇಳಬಹುದಾ? ನನಗೆ ಎರಡು ವರ್ಷದ ಅನುಭವ ಅಷ್ಟೇ.

ಮೊದಲ ವರ್ಷ ಪೂರ್ತಿ ಮನೆಯಿಂದ ಕೆಲಸ ಮಾಡಿದೆ. ಎಲ್ಲರೂ ಒಟ್ಟಿಗೆ ಡಿಸೈನ್ ಮಾಡುವ ತಂತ್ರಾಂಶ ಫಿಗ್ಮಾದ ಫೈಲಿನಲ್ಲಿ ಎಲ್ಲರ ಕರ್ಸರ್ ಓಡಾಡುವುದು ಕಾಣುತ್ತಿತ್ತು. ಸೀನಿಯರ್ ಒಂದು ಬಣ್ಣ ಬದಲಾಯಿಸಿದ್ದು ಕಾಣುತ್ತಿತ್ತು. ಯಾಕೆ ಬದಲಾಯಿಸಿದರು ಅಂತ ಕಾಣುತ್ತಿರಲಿಲ್ಲ. ಕೇಳಲು ಒಂದು ಕಾಲ್ ಇಡಬೇಕು. ಇಷ್ಟು ಚಿಕ್ಕ ವಿಷಯಕ್ಕೆ ಕಾಲ್ ಇಡುವುದು ಹೇಗೆ ಅಂತ ಸುಮ್ಮನಾಗುತ್ತಿದ್ದೆ. ಎರಡನೇ ವರ್ಷ ಬೇರೆ ಸ್ಟುಡಿಯೊ ಸೇರಿದೆ, ಇಂದಿರಾನಗರದಲ್ಲಿ. ದಿನಾ ಆಫೀಸು. ಅಲ್ಲಿ ಸೀನಿಯರ್ ಒಬ್ಬರು ಗ್ರಾಹಕರ ಜೊತೆ ಫೋನಿನಲ್ಲಿ ಮಾತಾಡುವುದನ್ನು ಕೇಳಿಸಿಕೊಂಡೇ ನಾನು ಅರ್ಧ ಕಲಿತೆ. "ಆಗುವುದಿಲ್ಲ" ಅನ್ನುವುದನ್ನು ಮರ್ಯಾದೆಯಿಂದ ಹೇಗೆ ಹೇಳಬೇಕು ಅಂತ.

ಇನ್ನೊಂದು. ನಮ್ಮ ಬ್ಯಾಚಿನವರು ಬೆಂಗಳೂರಿನ ಹದಿನೈದು ಕಂಪನಿಗಳಲ್ಲಿ ಇದ್ದೇವೆ. ಒಂದು ವಾಟ್ಸಾಪ್ ಗುಂಪಿದೆ. ಗ್ರಾಹಕರ ಫೈಲ್ ಹಾಕುವುದಿಲ್ಲ, ಅದು ನಾವೇ ಮಾಡಿಕೊಂಡ ನಿಯಮ. ಆದರೆ ರಾತ್ರಿ ಹನ್ನೊಂದಕ್ಕೆ "ಈ ಪ್ರೋಟೊಟೈಪ್ ಯಾಕೆ ಕೂರುತ್ತಿಲ್ಲ?" ಅಂತ ಹಾಕಿದರೆ ಹತ್ತು ನಿಮಿಷದಲ್ಲಿ ಉತ್ತರ ಬರುತ್ತದೆ. ನಮ್ಮ ಬಾಸ್‌ಗೆ ಆ ಉತ್ತರ ಬೆಳಿಗ್ಗೆ ನಾನು ಕೊಟ್ಟದ್ದು. ಮೂಲ ಅವರ ಎದುರಾಳಿ ಕಂಪನಿಯದು. ಮೇಡಂ, ಆ ಹುಡುಗಿಯೂ ನಾಲ್ಕು ವರ್ಷ ನಿಮಗೆ ಹೀಗೆ ಎಷ್ಟೋ ತಂದುಕೊಟ್ಟಿರುತ್ತಾಳೆ.

ಮಲ್ಲೇಶ್ವರದಿಂದ

ಹೊಸಬಳು ಹೇಳಿದ್ದು ನನ್ನನ್ನು ತಟ್ಟಿತು ತಂಗಿ. ನಾನು ಲೆಕ್ಕದ ಒಂದು ಬದಿ ಮಾತ್ರ ನೋಡುತ್ತಿದ್ದೆ.

ನನ್ನದೇ ಒಂದು ಮಾತು ಒಪ್ಪಿಕೊಳ್ಳಬೇಕು. ಬೆ‌ಂಗಳೂರಿನಲ್ಲಿ 1989ರಲ್ಲಿ ಸುಜಾತಾ ಕೇಶವನ್ ಕಟ್ಟಿದ ರೇ ಅಂಡ್ ಕೇಶವನ್ ಅನ್ನುವ ಬ್ರ್ಯಾಂಡ್ ಡಿಸೈನ್ ಸಂಸ್ಥೆಯಲ್ಲಿ ದುಡಿದು ಆಮೇಲೆ ತಮ್ಮದೇ ದಾರಿ ಹಿಡಿದವರು ಊರಿನಲ್ಲಿ ಹಲವರಿದ್ದಾರೆ. ಅಂಥವರಲ್ಲಿ ಒಬ್ಬರ ಹತ್ತಿರವೇ ನಾನು ಕಲಿತದ್ದು. ಬ್ರ್ಯಾಂಡ್ ಅಂದರೆ ಲೋಗೊ ಮಾತ್ರ ಅಲ್ಲ, ಅದರ ಕೈಪಿಡಿ ಹೇಗೆ ಬರೆಯಬೇಕು ಅಂತ ಅವರು ನನಗೆ ಸಾಲು ಸಾಲಾಗಿ ತಿದ್ದಿ ಹೇಳಿಕೊಟ್ಟರು. ನಾನು ಅವರನ್ನು ಬಿಟ್ಟು ಬಂದಾಗ ಅವರು ಯಾವ ಕಾಗದಕ್ಕೂ ಸಹಿ ಹಾಕಿಸಿಕೊಳ್ಳಲಿಲ್ಲ.

ಇನ್ನೊಂದು ಜಾಗವೂ ನೆನಪಾಯಿತು. ಡಿಸೈನ್ ಕಾಲೇಜಿನ ಜೂರಿ, ಅಂದರೆ ವಿದ್ಯಾರ್ಥಿಗಳ ಕೆಲಸ ನೋಡಿ ಪ್ರಶ್ನೆ ಕೇಳುವ ಸಭೆ. ಯಲಹಂಕದ ಸೃಷ್ಟಿಗೆ, ಬೇರೆ ಕಾಲೇಜುಗಳಿಗೆ ನಮ್ಮಂಥವರನ್ನು ಕರೆಯುತ್ತಾರೆ. ಒಂದು ಸಲ ನನ್ನ ದೊಡ್ಡ ಎದುರಾಳಿಯ ಪಕ್ಕ ಕೂರಿಸಿದ್ದರು. ವಿದ್ಯಾರ್ಥಿಯ ಕೆಲಸಕ್ಕೆ ಅವರು ಕೇಳಿದ ಒಂದೊಂದು ಪ್ರಶ್ನೆಯಲ್ಲೂ ಅವರ ಸ್ಟುಡಿಯೊ ಹೇಗೆ ಯೋಚಿಸುತ್ತದೆ ಅಂತ ನನಗೆ ಕಾಣುತ್ತಿತ್ತು. ನನ್ನದೂ ಅವರಿಗೆ ಕಂಡಿರಬೇಕು. ಸಂಜೆ ಟೀ ಕುಡಿಯುತ್ತಾ ಎರಡು ಗಂಟೆ ಮಾತಾಡಿದೆವು.

ಆದರೆ ಪುಕ್ಕಟೆ ಪ್ರೆಸೆಂಟೇಶನ್ ವಿಷಯದಲ್ಲಿ ನನ್ನ ಮಾತು ಬದಲಾಗುವುದಿಲ್ಲ. ಸ್ಟುಡಿಯೊಗಳು ತಮ್ಮ ತಮ್ಮಲ್ಲಿ ಹಂಚಿಕೊಳ್ಳಲಿ. ಐದು ಸ್ಟುಡಿಯೊಗಳ ತಲೆಯನ್ನು ಪುಕ್ಕಟೆ ಹಿಂಡಿಕೊಳ್ಳುವುದು ಬೇರೆಯೇ. ನಾವೆಲ್ಲ ಸೇರಿ ಅದಕ್ಕೆ ಬೇಡ ಅನ್ನಬೇಕು. ಒಬ್ಬರು ಬೇಡ ಅಂದರೆ ಆಗುವುದಿಲ್ಲ.

ಕಾನೂನು ಓದಿದವಳು

ಮಲ್ಲೇಶ್ವರದ ಸರ್ ಮಾತಿಗೆ ಎರಡು ಸೇರಿಸುತ್ತೇನೆ. ಗ್ರಾಹಕರ ಪಟ್ಟಿ, ದರ, ಇನ್ನೂ ಹೊರಬರದ ಡಿಸೈನ್ ಇವನ್ನು ಗೋಪ್ಯವಾಗಿ ಇಡಬೇಕು ಅಂತ ಬರೆಸಿಕೊಳ್ಳಬಹುದು. ಕೆಲಸ ಬಿಟ್ಟ ಮೇಲೂ ಅದಕ್ಕೆ ಬೆಲೆ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಬೇರೆ ಕರಾರು ಇಲ್ಲದಿದ್ದರೆ, ಕೆಲಸದ ಭಾಗವಾಗಿ ಮಾಡಿದ ಡಿಸೈನಿನ ಹಕ್ಕು ಸ್ಟುಡಿಯೊದ್ದೇ.

ಮುಚ್ಚಳದ ಆಕಾರದಂಥದ್ದಕ್ಕೆ 2000ದ ಡಿಸೈನ್ಸ್ ಕಾಯ್ದೆ ಇದೆ. ನೋಂದಾಯಿಸಿದರೆ ಹತ್ತು ವರ್ಷ, ಮುಂದುವರಿಸಿದರೆ ಇನ್ನೈದು ವರ್ಷ ರಕ್ಷಣೆ. ಆದರೆ ಎಲ್ಲರಿಗೂ ತೋರಿಸಿದ ಮೇಲೆ ನೋಂದಾಯಿಸಲು ಹೋದರೆ ತಡವಾಗುತ್ತದೆ. ಅರ್ಜಿ ಮೊದಲು, ಪ್ರೆಸೆಂಟೇಶನ್ ಆಮೇಲೆ. ಇದನ್ನು ಚಿಕ್ಕ ಸ್ಟುಡಿಯೊಗಳು ಒಬ್ಬರಿಗೊಬ್ಬರು ಹೇಳಬೇಕು.

ಬಸವನಗುಡಿ ಸ್ಟುಡಿಯೊ

ಎಲ್ಲರಿಗೂ ಮನಸಾರೆ ವಂದನೆ. ನಾವಿಬ್ಬರೂ ಕೂತು ಇಡೀ ಚರ್ಚೆಯನ್ನು ಎರಡು ಸಲ ಓದಿದೆವು. ಎರಡು ವರ್ಷದ ಪತ್ರ ಬೇಡ ಅಂತ ಪಾಲುದಾರರೇ ಹೇಳಿದರು. ದರ, ಗ್ರಾಹಕರು, ಹೊರಬರದ ಕೆಲಸ ಈ ಮೂರರ ಬಗ್ಗೆ ಮಾತ್ರ ಒಂದು ಪುಟದ ಕಾಗದ ಮಾಡಿದ್ದೇವೆ. ಅವಳು ಓದಿ, ಇದು ಸರಿಯಾಗಿದೆ ಅಕ್ಕ ಅಂತ ಸಹಿ ಹಾಕಿದಳು.

ಆಮೇಲೆ ಅವಳೇ ಒಂದು ಮಾತು ಕೇಳಿದಳು. ನಾನು ಕಲಿತದ್ದನ್ನು ಹೊಸದಾಗಿ ಬಂದ ಹುಡುಗನಿಗೆ ಹೇಳಿಕೊಟ್ಟು ಹೋಗಲಾ ಅಂತ. ಈಗ ದಿನಾ ಮಧ್ಯಾಹ್ನ ಒಂದು ಗಂಟೆ ಇಬ್ಬರೂ ಪಕ್ಕಪಕ್ಕ ಕೂರುತ್ತಿದ್ದಾರೆ. ಒಂದು ನೋಟ್‌ಬುಕ್ ಶುರು ಮಾಡಿದ್ದಾರೆ, ಕೈಬರಹದಲ್ಲಿ. ಮೊದಲ ಪುಟದಲ್ಲಿ ಪೌಚಿನ ಸೀಲಿನ ಅಳತೆ. ಎರಡನೇ ಪುಟದಲ್ಲಿ ಒತ್ತಕ್ಷರ ಅವರು ಹೇಳಿದ "ರಾಷ್ಟ್ರ", "ಸ್ತ್ರೀ", "ಸ್ವಾತಂತ್ರ್ಯ".

ಇನ್ನೊಂದು ಬದಲಾವಣೆ ನನ್ನದು. ಈಗ ಅಚ್ಚಿಗೆ ಹೋಗುತ್ತಿರುವ ಕಥಾಸಂಕಲನದ ಹಿಂದಿನ ಪುಟದಲ್ಲಿ ಮುಖಪುಟ ವಿನ್ಯಾಸ ಮಾಡಿದವರ ಹೆಸರಿನ ಕೆಳಗೆ ಮೆಷೀನ್‌ಮನ್ ಹೆಸರೂ ಇರುತ್ತದೆ. ಪ್ರಕಾಶಕರು ಒಪ್ಪಿದ್ದಾರೆ.

ಹಳೆ ಪ್ರೆಸ್ ಸರ್, ಒಂದು ವಿನಂತಿ. ನಮ್ಮ ಹೊಸ ಹುಡುಗ ಇನ್ನೂ ಪ್ರೆಸ್ಸಿನ ಒಳಗೆ ಕಾಲಿಟ್ಟಿಲ್ಲ. ಅವಳ ಕೊನೆಯ ವಾರದಲ್ಲಿ ಇಬ್ಬರನ್ನೂ ಒಟ್ಟಿಗೆ ಕಳಿಸಬಹುದಾ? ಡ್ರಾಯರಿನಲ್ಲಿರುವ ಕಾರ್ಡುಗಳನ್ನು ತೋರಿಸುತ್ತೀರಾ?

ಹಳೆ ಪ್ರೆಸ್

ಶನಿವಾರ ಕಳಿಸಿ ಅಮ್ಮ. ಅವತ್ತು ಮೆಷೀನ್ ಬೆಳಿಗ್ಗೆ ಹತ್ತಕ್ಕೆ ಶುರುವಾಗುತ್ತದೆ, ಮಧ್ಯಾಹ್ನ ಎರಡರ ಮೇಲೆ ತೊಳೆಯುತ್ತೇವೆ. ತೊಳೆಯುವಾಗ ಇದ್ದರೆ ಇನ್ನೂ ಒಳ್ಳೆಯದು, ರೋಲರ್ ಬಿಚ್ಚಿರುತ್ತೇವೆ, ಎಲ್ಲ ಕಾಣುತ್ತದೆ. ಎರಡು ರಸ್ತೆ ಆಚೆಗಿನ ಸ್ಟುಡಿಯೊದವರ ಒಬ್ಬ ಹುಡುಗನೂ ಅವತ್ತೇ ಬರುತ್ತಾನೆ. ಮೂವರೂ ಒಟ್ಟಿಗೆ ನೋಡಲಿ. ಬಿಳಿ ಬಟ್ಟೆ ಹಾಕಿಕೊಂಡು ಬರಬೇಡಿ ಅಂತ ಹೇಳಿ, ಇಂಕ್ ಹತ್ತಿದರೆ ಹೋಗುವುದಿಲ್ಲ.